ಹಿತ್ತಾಳೆ ತಗಡಿನ ಕೆಳಗಿನ ಐದು ಅಂಕಿಗಳು

ಮಾನ್ಯ ಮಾರುತಿಯವರಲ್ಲಿ,

ವಿಷಯ: ತಮ್ಮ ತಂದೆಯವರ ರೈಫಲ್ಲಿನ ಮೂಲದ ಬಗ್ಗೆ ನಾನು ಹೇಳಿದ ಸುಳ್ಳನ್ನು ಹಿಂಪಡೆಯುವ ಕುರಿತು.

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ಹನ್ನೊಂದು ವರ್ಷಗಳ ಹಿಂದೆ ಐನಾಪುರದಲ್ಲಿ, ತಮ್ಮ ಮನೆಯ ಪಡಸಾಲೆಯಲ್ಲಿಯೇ ಕುಳಿತು, ನಾನು ಗೊತ್ತಿದ್ದೂ ಸುಳ್ಳು ಹೇಳಿದೆ. ಆ ರೈಫಲ್ ತಮ್ಮ ತಂದೆಯವರು ಯುದ್ಧದಲ್ಲಿ ಹಿಡಿದದ್ದೇ ಆಗಿತ್ತು.

ಚಿಕ್ಕಂದಿನಿಂದ ತಮ್ಮನ್ನು ಏಕವಚನದಲ್ಲಿ ಕರೆದವನು ನಾನು. ಆ ಸಲುಗೆ ಈಗ ನನಗೆ ಸಲ್ಲದು — ಆದ್ದರಿಂದ ಹಳೆಯ ಕಚೇರಿ ಪತ್ರಗಳನ್ನು ಮುಂದಿಟ್ಟುಕೊಂಡು ಅವುಗಳ ಧಾಟಿಯಲ್ಲಿ ಬರೆಯುತ್ತಿದ್ದೇನೆ. ಬೇರೆ ಬರವಣಿಗೆ ನನಗೆ ತಿಳಿಯದು.

ಶಾಲೆಯ ಮುಂದೆ ಊರಿನ ಸೈನಿಕರ ಸ್ಮಾರಕಶಿಲೆ ನಿಲ್ಲಿಸುವ ಸಮಯವದು. ಯುದ್ಧಕ್ಕೆ ಹೋದವರೆಂದು ಊರಲ್ಲಿ ಹೇಳುತ್ತಿದ್ದುದು ನಮ್ಮಿಬ್ಬರ ತಂದೆಯರನ್ನಷ್ಟೇ. ನಮ್ಮ ತಂದೆಯ ಸೇನಾ ಕಾಗದಪತ್ರಗಳಿದ್ದವು. ತಮ್ಮ ತಂದೆ ಸಂತರಾಮರ ಕಾಗದಗಳು ಕೃಷ್ಣೆಯ ಮಹಾಪೂರದಲ್ಲಿ ಹೋಗಿದ್ದವು. ಉಳಿದದ್ದು ರೈಫಲ್ ಒಂದೇ. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ, ಸೇನೆಗೆ ಬೇಡವಾದ ರೈಫಲ್ಲುಗಳ ನಳಿಗೆ ಬದಲಿಸಿ ಪರವಾನಗಿ ಉಳ್ಳವರಿಗೆ ಮಾರಿದಾಗ, ರಾಶಿಯಲ್ಲಿ ತನ್ನದನ್ನೇ ಗುರುತಿಸಿ ಕೊಂಡುತಂದೆನೆಂದು ಅವರು ಹೇಳುತ್ತಿದ್ದರು. ಊರವರು ನಗುತ್ತಿದ್ದರು — “ಸಂತ್ಯಾಗ ಎಮ್ಮಿ ಗುರ್ತ ಹಿಡದಂಗ ಬಂದೂಕ ಗುರ್ತ ಹಿಡದಾನ ನೋಡ್ರಿ.” ಸೇನೆಯ ಶಸ್ತ್ರಾಗಾರದಲ್ಲಿ ದುಡಿದು ಬಂದ ನಾನು ಪರೀಕ್ಷಿಸಿ ಹೌದೆಂದರೆ ಅವರ ಹೆಸರನ್ನೂ ಕಲ್ಲಿನ ಮೇಲೆ ಕೊರೆಸುವುದೆಂದು ಸಮಿತಿ ತೀರ್ಮಾನಿಸಿತು.

ತಾವು ಒಳಗೆ ಚಹಾ ಕಾಯಿಸುತ್ತಿದ್ದಿರಿ. ರೈಫಲ್ಲಿನ ಹಿಂಬದಿ, ಭುಜಕ್ಕೆ ಆನಿಸುವ ಮರದ ತುದಿಗೆ ಹಿತ್ತಾಳೆ ತಗಡಿರುತ್ತದೆ. ಅದರ ಮರೆಯಲ್ಲಿ ಸಿಪಾಯಿಗಳು ಗುಟ್ಟಾಗಿ ಏನಾದರೂ ಕೊರೆದಿಡುವುದುಂಟು. ಎರಡು ತಿರುಪು ಬಿಚ್ಚಿ ನೋಡಿದೆ — ಚಾಕುವಿನಿಂದ ಕೊರೆದ ಐದು ಅಂಕಿಗಳು. ಸೇನೆ ಮಾರುವ ಮುನ್ನ ಒತ್ತಿದ ಮುದ್ರೆ ಅವುಗಳ ಮೇಲೆಯೇ ಬಿದ್ದಿತ್ತು, ಅಂದರೆ ಕೊರೆದದ್ದು ಅದಕ್ಕೂ ಮೊದಲು. ಅದೇ ಹೊತ್ತಿಗೆ ತಾವು ಒಳಗಿನಿಂದ, ತಂದೆಯವರು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದ ಅವರ ಸೇನಾ ನಂಬರನ್ನು, ಪರೀಕ್ಷೆಗೆ ಬೇಕಾದೀತೆಂದು, ನನಗೆ ಕೇಳುವಂತೆ ಹೇಳಿದಿರಿ. ಒಂದು, ಎಂಟು, ಸೊನ್ನೆ, ಆರು, ನಾಲ್ಕು — ತಾವು ಹೇಳುತ್ತ ಹೋದಂತೆ ನನ್ನ ಬೆರಳು ಅವನ್ನೇ ಮುಟ್ಟುತ್ತ ಹೋಯಿತು.

ಕೆಲಸದ ರೂಢಿಯಂತೆ ಹಾಳೆಯಿಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡೆ. ಆಮೇಲೆ — ಆಮೇಲೆ ತಗಡು ಮುಚ್ಚಿ ತಿರುಪು ಬಿಗಿದೆ. ಕಲ್ಲಿನ ಮೇಲೆ ನಮ್ಮ ತಂದೆಯ ಹೆಸರೊಂದೇ ಇರಲೆಂಬ ಆಸೆ. ಅದಕ್ಕಿಂತ ದೊಡ್ಡ ಕಾರಣವನ್ನು ಈ ಹನ್ನೊಂದು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

“ಇದು ಯಾರದರ ಇದ್ದೀತು, ಮಾರುತಿ. ನಿಮ್ಮಪ್ಪಂದಂತೂ ಅಲ್ಲ,” ಎಂದೆ.

ಚಹಾ ತಂದ ತಾವು ಕಪ್ಪನ್ನು ಕೆಳಗಿಟ್ಟಿರಿ. “ನೀ ನೋಡಿ ಹೇಳಿದಿ ಅಂದ್ರ ಮುಗೀತು, ದತ್ತೂ. ಸಾಯೂತನಕ ನಮ್ಮಪ್ಪ ನನಗ ಸುಳ್ಳ ಹೇಳ್ಕೋತ ಬಂದ್ನಲ್ಲ.” ನಕ್ಕಿರಿ. “ಈ ಸುಡಗಾಡ ಬಂದೂಕ ಒರಸಿದಷ್ಟ ನನ್ನ ಮೂಗ ಒರಸಿಲ್ಲ ಅಂವ.”

ಮರುವಾರವೇ ರೈಫಲ್ಲನ್ನು ಠಾಣೆಗೆ ಒಪ್ಪಿಸಿದಿರಿ. ಇತರ ಹಳೆಯ ಬಂದೂಕುಗಳೊಂದಿಗೆ ಅದನ್ನೂ ನಾಶಪಡಿಸಲಾಯಿತು. ತಂದೆಯವರ ಫೋಟೊ ಪಡಸಾಲೆಯಿಂದ ಒಳಕೋಣೆಗೆ ಹೋಯಿತು. ಆ ಖಾಲಿ ಮೊಳೆಯ ಕೆಳಗೆ ಕುಳಿತು ನಾನು ಎಷ್ಟು ಸಲ ಚಹಾ ಕುಡಿದಿಲ್ಲ... ದ್ರೋಹ ನನ್ನದು. ಅದನ್ನು ತಾವು ಹೊರಿಸಿದ್ದು, ಎದ್ದು ಬಂದು ಅಲ್ಲಗಳೆಯಲಾರದ ತಂದೆಯ ಮೇಲೆ — ಹೊರಿಸುವಂತೆ ಮಾಡಿದವನೂ ನಾನೇ.

ಈ ಪತ್ರ ಕ್ಷಮೆ ಕೋರಿ ಬರೆದದ್ದಲ್ಲ. ಅಚ್ಚಿನ ಮೂಲ ಹಾಳೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಒಂದು ಪ್ರತಿಯನ್ನು ಸಮಿತಿಗೆ ಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಎಲ್ಲರೆದುರು ನಾನೇ ಓದುವವನಿದ್ದೇನೆ.

ಕಲ್ಲಿನ ಮೇಲೆ ನಮ್ಮ ತಂದೆಯ ಹೆಸರಿನ ಕೆಳಗೆ ಒಂದು ಸಾಲಿನ ಜಾಗವಿದೆ. ನಿನ್ನೆ ಟೇಪು ಹಿಡಿದು ಅಳೆದು ಬಂದೆ. ಸಂತರಾಮರ ಹೆಸರಿನ ಮುಂದೆ ಐದು ಅಂಕಿಗಳೂ ಹಿಡಿಸುತ್ತವೆ.

ಇಂತಿ,
ದತ್ತು