ಹಗ್ಗ ಎಳೆಯದೆ ನಡೆದ ನಾಯಿ

ನಾಯಿಮರಿ ಕೊಡುವಾಗ ಕುರಿ ಮೇಯಿಸುವ ಅಜ್ಜ ನನ್ನಿಂದ ಒಂದೇ ಮಾತು ತೆಗೆದುಕೊಂಡಿದ್ದ. "ಹೊಡಿಯಲ್ಲ ಅನ್ನು. ಹೊಡ್ತ ತಿಂದ ನಾಯಿ ನಂಗೆ ನೋಡಿದ್ರೇ ತಿಳಿತೈತೆ." ಅವನ ಅಂಗೈ ಮುಟ್ಟಿ ಮಾತು ಕೊಟ್ಟೆ. ಹಿರಿಯೂರಿನ ಅಂಚಿನಲ್ಲಿರುವ ನಮ್ಮ ಹೊಲದಲ್ಲಿ ವರ್ಷಕ್ಕೊಮ್ಮೆ ಅವನ ಕುರಿಮಂದೆ ಗೊಬ್ಬರಕ್ಕೆಂದು ನಾಲ್ಕು ದಿನ ತಂಗುತ್ತದೆ. ಮುಂದಿನ ಸಲ ಬಂದಾಗ ನೋಡುತ್ತೇನೆ, ಸರಿ ಕಾಣದಿದ್ದರೆ ವಾಪಸ್ ಒಯ್ಯುತ್ತೇನೆ ಎಂದು ಹೇಳಿಯೇ ಹೋದ.

ಆರೇ ತಿಂಗಳಿಗೆ ಮರಿ ನನ್ನ ತೊಡೆಯೆತ್ತರ ಬೆಳೆಯಿತು. ನಮ್ಮ ಮನೆ ಬೆಂಗಳೂರು ರಸ್ತೆಗೆ ಅಂಟಿಕೊಂಡೇ ಇದೆ. ಲಾರಿ ಕಂಡರೆ ಸಾಕು, ಬೆನ್ನು ಹತ್ತುತ್ತಿತ್ತು. ಹಗ್ಗ ಹಾಕದೆ ಗತಿಯಿಲ್ಲ. ಹಾಕಿದರೆ ನನ್ನನ್ನೇ ಎಳೆದುಕೊಂಡು ಓಡುತ್ತಿತ್ತು. ಹೋಟೆಲಿನ ಮುಂದೆ ರೇಡಿಯೋ ಕೇಳುತ್ತ ಕೂತವರು ಕೇಳುತ್ತಿದ್ದರು: "ಏನಪ್ಪ, ನಾಯಿ ಇವತ್ತು ನಿನ್ನ ಎಲ್ಲಿಗೆ ಕರ್ಕಂಡ್ ಹೊಂಟೈತೆ?"

ಹೇಗೆ ಕಲಿಸಬೇಕೆಂದು ಹೇಳಿಕೊಡುವವರು ಯಾರೂ ಇರಲಿಲ್ಲ. ನಾನೇ ಕಂಡುಕೊಂಡೆ, ಅದೂ ಚಪ್ಪಲಿಯ ದೆಸೆಯಿಂದ! ಒಂದು ಬೆಳಿಗ್ಗೆ ಉಂಗುಷ್ಟ ಕಿತ್ತುಹೋಗಿ ನಡುದಾರಿಯಲ್ಲೇ ನಿಂತೆ. ನಾಯಿ ಎಳೆಯಿತು, ಜಗ್ಗಿತು, ನಾನು ಬರಲಿಲ್ಲ. ಕೊನೆಗೆ ಯಾಕೆ ಬರುತ್ತಿಲ್ಲವೆಂದು ನೋಡಲು ಅದೇ ಹಿಂದಿರುಗಿ ಬಂತು. ಹಗ್ಗ ಸಡಿಲಾಯಿತು. ಅಷ್ಟೇ, ನನಗೆ ಹೊಳೆದುಬಿಟ್ಟಿತು. ಅದು ಎಳೆದರೆ ನಾನು ಕಲ್ಲುಕಂಬ. ಹಗ್ಗ ಸಡಿಲಾದರೆ ಮುಂದಕ್ಕೆ ಹೆಜ್ಜೆ. ಬೈಗುಳವಿಲ್ಲ, ಏಟಿಲ್ಲ. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗಲು ಮೊದಲ ದಿನ ಒಂದು ಗಂಟೆ ಹಿಡಿಯಿತು. ದಿನವೂ ಎಷ್ಟು ಸಲ ನಿಂತೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬರೆದು ಮುಗಿಸಿ ಬಬ್ಬೂರಿನ ಫಾರಂಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೇ.

ಎರಡು ವಾರ ಏನೂ ಆಗಲಿಲ್ಲ. ಆಮೇಲೆ ದಿನದಿಂದ ದಿನಕ್ಕೆ ನಿಲ್ಲುವುದು ಕಡಿಮೆಯಾಗುತ್ತ ಬಂತು. ತಿಂಗಳು ತುಂಬುವಷ್ಟರಲ್ಲಿ ನಾಯಿ ನನ್ನ ಎಡಕ್ಕೆ ತಲೆ ತಗ್ಗಿಸಿ ನಡೆಯಿತು. ಪಕ್ಕದಲ್ಲೇ ಲಾರಿ ಹೋದರೂ ಎಳೆಯಲಿಲ್ಲ. ಆ ದಿನ ಸಿಕ್ಕಸಿಕ್ಕವರಿಗೆಲ್ಲ ನನ್ನ ವಿಧಾನ ವಿವರಿಸಿದೆ. ಅಣ್ಣ ಬೆನ್ನು ತಟ್ಟಿ, "ನಿನ್ ಕೈಗುಣ ಕಣಲೇ" ಅಂದ. ಅವ್ವ ಒಲೆಯ ಕಡೆ ತಿರುಗಿಕೊಂಡಳು.

ಹೊಳಲ್ಕೆರೆಯ ಸೋದರಮಾವನಿಗೂ ಎಳೆಯುವ ನಾಯಿಯೊಂದಿತ್ತು. ಎಂಟು ಭಾನುವಾರ ಬಸ್ಸು ಹತ್ತಿ ಹೋಗಿ ಇದೇ ಪಾಠ ಮಾಡಿದೆ. ಒಂದಿಷ್ಟೂ ಬದಲಾಗಲಿಲ್ಲ. ನಿಮ್ಮ ನಾಯಿಗೆ ಬುದ್ಧಿ ಕಮ್ಮಿ ಎಂದು ಮಾವನಿಗೆ ಹೇಳಿ ಬಂದೆ.

ಅಜ್ಜನ ಮಂದೆ ಬಂತು. ಹಗ್ಗವನ್ನು ಒಂದೇ ಬೆರಳಿಗೆ ಸಿಕ್ಕಿಸಿಕೊಂಡು ನಾಯಿಯೊಂದಿಗೆ ಹೊಲಕ್ಕೆ ಹೋದೆ. ಅಜ್ಜನ ಮುಖ ಅರಳಿತು. ತಲೆ ಸವರಲು ಬಗ್ಗುವ ಮುಂಚೆ ಅವನು ಹೆಗಲ ಮೇಲಿನ ಕೋಲನ್ನು ಕೆಳಗಿಳಿಸಿದ, ಅಷ್ಟೇ. ನಾಯಿ ಹೊಟ್ಟೆಯನ್ನು ನೆಲಕ್ಕೊತ್ತಿ ಮಲಗಿತು. ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡಿತು.

"ಯಾರು ಹೊಡ್ದಿದ್ದು?"

ಅವ್ವನಾಣೆ ನಾನು ಕೈ ಎತ್ತಿಲ್ಲ ಎಂದೆ. ಅಜ್ಜ ನಾಯಿಯನ್ನೇ ನೋಡಿದ. "ನೀನಲ್ಲ. ಹೆದರಿ ನಿನ್ ಕಾಲಿಗೇ ಒತ್ಕಂಡೈತೆ. ಹೊಡೆದೋನು ಬ್ಯಾರೆ ಇದಾನೆ."

ಅಷ್ಟರಲ್ಲಿ ಕುರಿಯವರಿಗೆ ಬುತ್ತಿ ಹೊತ್ತು ಅಣ್ಣ ಬಂದ. ಅವನನ್ನು ಕಂಡು ನಾಯಿ ನನ್ನ ಹಿಂದಕ್ಕೆ ಸರಿಯಿತು. ನಾನು ಏನೂ ಕೇಳಬೇಕಾಗಲಿಲ್ಲ. ಅಣ್ಣ ಬುಟ್ಟಿ ಇಳಿಸಿ, ಮಾಡಿದ ಉಪಕಾರವೊಂದನ್ನು ಹೇಳುವವನ ಹಾಗೆಯೇ ಹೇಳಿದ.

"ನೀ ಫಾರಂಗೆ ಹೋದ್ಮೇಲೆ ಹಿತ್ಲಾಗೆ ಇದೇ ಹಗ್ಗ ಹಾಕಿ ನಡೆಸ್ತಿದ್ದೆ. ಎಳೆದಾಗೆಲ್ಲ ಬಾರುಕೋಲಿನಾಗೆ ಎರಡು ಬಿಗೀತಿದ್ದೆ. ಊರೆಲ್ಲ ನಿನ್ನ ನೋಡಿ ನಗ್ತಿತ್ತಲ್ಲಲೇ. ನಂಗೆ ತಡ್ಕಳಾಕಾಗ್ಲಿಲ್ಲ."

"ಅವ್ವಂಗೆ ಗೊತ್ತಾ?"

"ಬಾಗ್ಲು ಹಾಕ್ಕಂಡು ಒಳಗಿರ್ತಿದ್ಲು."

ಹಗ್ಗದ ತುದಿಯನ್ನು ಅಜ್ಜನ ಕೈಗಿಟ್ಟೆ. ಮಾತು ಮುರಿದಿದ್ದು ನಮ್ಮ ಮನೆಯೇ ತಾನೆ. ಅವನು ಅದನ್ನು ಮತ್ತೆ ನನಗೇ ಕೊಟ್ಟ. "ಮಂದ್ಯಾಗೆ ಎಲ್ಲರ ಕೈಯಾಗೂ ಕೋಲಿರ್ತೈತೆ. ಅಲ್ಲಿ ಇದು ಹ್ಯಾಂಗ್ ಬದುಕ್ತೈತೆ? ನೀನೇ ಇಟ್ಕ." ಈ ಸಲ ಅಂಗೈ ಚಾಚಲಿಲ್ಲ.

ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ. ಏಟಿಗಿಂತಲೂ ನನಗೆ ಮತ್ತೆ ಮತ್ತೆ ಕೇಳಿಸುವುದು ಆ 'ಕೈಗುಣ'. ಬೆನ್ನು ತಟ್ಟಿದ್ದು ಬಾರುಕೋಲು ಹಿಡಿದ ಕೈಯೇ. ಅವ್ವ ಬಡಿಸಿದ್ದನ್ನು ತಲೆಯೆತ್ತದೆ ತಿಂದು ಏಳುತ್ತೇನೆ. ಹೊಳಲ್ಕೆರೆಯ ಆ ಬಡಪಾಯಿ ನಾಯಿಗೆ ಬುದ್ಧಿ ಕಮ್ಮಿಯಿರಲಿಲ್ಲ. ಅದಕ್ಕೆ ನನ್ನ ಪಾಠವೊಂದೇ ಸಿಕ್ಕಿತ್ತು.

ಈಗಲೂ ದಿನಾ ಬೆಳಿಗ್ಗೆ ಹೋಗುತ್ತೇವೆ. ಫಾರಂಗೂ ಅದನ್ನು ಜೊತೆಯಲ್ಲೇ ಕರೆದೊಯ್ಯುತ್ತೇನೆ, ಮನೆಯಲ್ಲಿ ಬಿಡುವುದಿಲ್ಲ. ನೋಟ್‌ಬುಕ್ಕನ್ನು ಮತ್ತೆ ಮೊದಲಿಂದ ಶುರು ಮಾಡಿದ್ದೇನೆ, ಆದರೆ ಈಗ ಬರೆದುಕೊಳ್ಳುವುದು ನಾಯಿ ಎಷ್ಟು ಸಲ ಎಳೆಯಿತು ಎಂದು. ಅದು ಎಳೆಯಲಿ ಎಂದೇ ಕಾಯುತ್ತೇನೆ. ನಿನ್ನೆ ಬೇಲಿಯಿಂದ ಓತಿಕ್ಯಾತ ಸರಕ್ಕನೆ ಓಡಿತು. ನಾಯಿಯ ಕಿವಿ ನಿಮಿರಿದವು, ಮುಂಗಾಲು ಅರ್ಧ ಮೇಲೆದ್ದಿತು.

ಅದು ನನ್ನ ಕೈ ನೋಡಿತು. ಕಾಲನ್ನು ಮೆಲ್ಲಗೆ ಕೆಳಗಿಟ್ಟಿತು.