ಫೋನಿನಲ್ಲಿ ಕರೆದ ಸೋಬಾನೆ

ಆಗ ನನಗೆ ಐವತ್ತೆಂಟು. ಹನ್ನೆರಡು ವರ್ಷದ ಹಿಂದಿನ ಮಾತಿದು. ನಮ್ಮ ಯಜಮಾನ್ರು ಜಿಗಣಿ ಕಡೆಯಿಂದ ಜಿಲ್ಲಾ ಪಂಚಾಯ್ತಿ ಮೆಂಬರಾಗಿದ್ರು. ನಾನು ಓದಿದ್ದು ಎರಡನೇ ಕ್ಲಾಸು, ಆದ್ರೂ ಹೋದಲ್ಲೆಲ್ಲ ಮೇಡಂ ಅನ್ನೋರು.

ಅದಕ್ಕೆ ಮುಂಚೆ ನಾನು ಸೋಬಾನೆ ಹಾಡೋಳು. ಯಜಮಾನ್ರ ಅಣ್ಣನ ಹೆಂಡತಿ, ನನ್ನ ವಾರಗಿತ್ತಿ, ಅವಳನ್ನ ಅಕ್ಕ ಅಂತೀನಿ. ಅಕ್ಕ ಒಂದು ಸಾಲು ಹೇಳಿದ್ರೆ ನಾವು ನಾಲ್ಕು ಜನ ಹಿಂದೆ ಹೇಳೋದು. ಸುತ್ತಮುತ್ತ ನಾವು ಚಾಪೆ ಹಾಸದ ಮದುವೆ ಇರಲಿಲ್ಲ. ಇವರು ಗೆದ್ದಮೇಲೆ ಮದುವೆಮನೇಲಿ ನನ್ನನ್ನ ಮುಂದಿನ ಸೋಫಾದಲ್ಲಿ ಕೂರಿಸಿ ಶಾಲು ಹೊದಿಸೋಕೆ ಶುರು ಮಾಡಿದ್ರು. ಸುಳ್ಳು ಯಾಕೆ ಹೇಳಲಿ, ಮಂಡಿಗೆ ಸೋಫಾ ಸುಖವಾಗೇ ಇತ್ತು. ಆದ್ರೆ ಚಾಪೆಯೋರು ನನ್ನ ಕಡೆ ತಿರುಗಿ ನೋಡೋದು ಬಿಟ್ರು.

ನಮ್ಮ ಹಳೇ ದನದ ಕೊಟ್ಟಿಗೇಲಿ ನಾಲ್ಕು ಹೊಲಿಗೆ ಮಿಷನ್ ಇದ್ವು. ಫ್ಯಾಕ್ಟರಿ, ಕಟ್ಟಡ ಅಂತ ರಾಯಚೂರು ಕಡೆಯಿಂದ ಬಂದು ಬಾಡಿಗೆ ರೂಮಲ್ಲಿರೋರ ಹೆಣ್ಣುಮಕ್ಕಳು ಅಲ್ಲಿ ಕಲಿಯೋರು. ಓಟಿಗಾಗುತ್ತೆ ಅಂತ ಯಜಮಾನ್ರು ಹಾಕಿಸಿದ್ದು. ಅವರ ಓಟೆಲ್ಲ ಅವರೂರಲ್ಲೇ ಇವೆ ಅಂತ ಆಮೇಲೆ ಗೊತ್ತಾಯ್ತು. ಮುಚ್ಚೋಣ ಅಂದ್ರು. ನಾನು ಬಿಡಲಿಲ್ಲ.

ಅಲ್ಲಿ ಕಲಿತ ಒಂದು ಹುಡುಗಿಗೆ ಮದುವೆ ಗೊತ್ತಾಯ್ತು. ಅವಳಮ್ಮ ಇಟ್ಟಿಗೆ ಹೊರೋಳು. ಕೊಟ್ಟಿಗೆ ಮುಂದೇನೇ ಚಪ್ಪರ ಹಾಕಿಸಿ ಮದುವೆ ನಾನೇ ಹೊತ್ಕೊಂಡೆ. ಮನೇಲಿ ಮಗಳು ಹಸಿ ಬಾಣಂತಿ. ಶಾಮಿಯಾನಾದೋನಿಗೆ ಫೋನು, ಅಡುಗೆಯೋನಿಗೆ ಫೋನು, ಅದೇ ಕೈಲಿ ಅಕ್ಕನಿಗೂ ಮಾಡಿ "ಬೆಳಗ್ಗೆ ಏಳಕ್ಕೆ ಬನ್ನಿ, ಹಾಡಬೇಕು" ಅಂದು ಇಟ್ಟುಬಿಟ್ಟೆ. ಸೋಬಾನೆಯೋರನ್ನ ಅವರ ಮನೆ ಬಾಗಿಲಿಗೆ ಹೋಗಿ, ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು ಕರೀಬೇಕು. ಸೊಸೆಯಾಗಿ ಬಂದಾಗಿಂದ ಗೊತ್ತಿದ್ದಿದ್ದೇ. ಮರೆತೆ.

ಬಂದ್ರು. ತಾವೇ ತಂದ ಚಾಪೆ ಹಾಸಿ ಹಿಂದೆ ಕೂತ್ರು. ಗಂಡು ಹೆಣ್ಣು ಹಸೆಮಣೆ ಮೇಲೆ ಕೂತ್ರೂ ಯಾರೂ ಬಾಯಿ ಬಿಡಲಿಲ್ಲ. ಹುಡುಗಿ ತಾಯಿ ನನ್ನ ಸೋಫಾ ಹತ್ರ ಬಂದ್ಳು.

"ಅಕ್ಕಾರ, ಹಾಡೋರು ಇಲ್ಲೇನ್ರಿ? ಹಾಡಿಲ್ಲದ ಮದವಿ ಕದ್ದು ಮಾಡಿದಂಗ ಆಗತೈತ್ರಿ."

ಎದ್ದು ಹೋಗಿ "ಶುರು ಮಾಡಕ್ಕ" ಅಂದೆ.

"ಫೋನಲ್ಲಿ ಕರೆದೋರಿಗೆ ಫೋನಲ್ಲೇ ಆಡ್ತೀವಿ. ಮನೇಗೋಗಿ ಕಿವೀಗಿಟ್ಕೊ" ಅಂದ್ಳು. ಮಿಕ್ಕೋರು ಸೆರಗು ಬಾಯಿಗಿಟ್ಕೊಂಡು ನಕ್ರು.

"ಮನೇಲಿ ಬಾಣಂತಿ ಇದ್ಳಲ್ಲಕ್ಕ."

"ನಾನೂ ಎಂಟು ಬಾಣಂತನ ಮಾಡಿದ್ದೀನಿ. ಒಂದು ದಿನ ಇಂಗೆ ಕರೆದಿದ್ನಾ ನಿನ್ನ?"

ಒಳಗೆ ಹೋದೆ. ತಟ್ಟೇಲಿ ಕುಂಕುಮ, ಎಲೆ ಅಡಿಕೆ ಇಟ್ಕೊಂಡು ಬಂದೆ. ಮಂಡಿ ಬಗ್ಗದೆ ದೊಪ್ಪಂತ ಚಾಪೆ ಮೇಲೇ ಕೂತೆ. ಅಕ್ಕ ಕೈ ಚಾಚಲಿಲ್ಲ. ಹುಡುಗಿ ತಾಯಿ ನೋಡ್ತಾ ನಿಂತಿದ್ಳು. ಅಕ್ಕ ಇಸ್ಕೊಳ್ಳದಿದ್ರೆ ಆ ಹೆಣ್ಣಿಗೆ ಹಾಡಿಲ್ಲ, ನನಗೆ ಇನ್ನು ಸಾಯೋವರೆಗೂ ಸೋಫಾನೇ ಗತಿ ಅನ್ನಿಸ್ತು.

ಕೊನೆಗೆ ಸೆರಗು ಒಡ್ಡಿದ್ಳು.

"ಸರಿದು ಕೂತ್ಕೊಳ್ರೇ, ಸೋಫಾದೋರಿಗೆ ಜಾಗ ಬೇಕಂತೆ" ಅಂದು ಹಾಡು ಎತ್ತಿದ್ಳು.

ಅದೇ ಹೊತ್ತಿಗೆ ಯಜಮಾನ್ರು ಬಂದು ಮೈಕ್ ಹಿಡಿದು "ಈ ಶುಭ ಸಂದರ್ಭದಲ್ಲಿ" ಅಂದ್ರು. ಅಕ್ಕ ತಲೆ ಎತ್ತದೆ "ಕೂತ್ಕೊಳಪ್ಪ ಮೆಂಬರು, ಆಮೇಲೆ" ಅಂದ್ಳು. ಅತ್ತಿಗೆ ಮಾತಿಗೆ ಎದುರಾಡೋರಲ್ಲ. ನನ್ನ ಸೋಫಾದಲ್ಲೇ ಹೋಗಿ ಕೂತ್ರು.

ಮೊದಲನೇ ಸಾಲಿಗೆ ನನ್ನ ಗಂಟಲು ಒಡೀತು. ಮೂರನೇದಕ್ಕೆ ಸರಿಹೋಯ್ತು. ಹುಡುಗಿ ತಾಯಿನೂ ಬಂದು ಚಾಪೆ ಅಂಚಲ್ಲಿ ಕೂತು, ನಡುವೆ ತಮ್ಮೂರ ಧಾಟೀಲಿ ಒಂದು ಎತ್ತಿದ್ಳು. ತಲೆ ಮೇಲಿನ ಹುಲ್ಲಿನ ಹೊರೆ ಇಳಿಸಿದಂಗಿತ್ತು ನನಗೆ. ಕತ್ತು ತಾನಾಗೇ ಸಡಿಲಾಯ್ತು.

ಮಾರನೇ ಬೆಳಗ್ಗೆ ಬಾಣಂತಿಗೆ ನೀರು ಹಾಕಿ, ಅವರು ಬಿಟ್ಟುಹೋಗಿದ್ದ ಚಾಪೆಯ ಅಕ್ಷತೆ ಕೊಡವಿ, ಕಂಕುಳಲ್ಲಿಟ್ಕೊಂಡು ಅಕ್ಕನ ಮನೆಗೆ ನಡ್ಕೊಂಡು ಹೋದೆ. ಅವರೆಕಾಯಿ ಗುಡ್ಡೆ ಹಾಕ್ಕೊಂಡು ಕೂತಿದ್ಳು. ಮೊರ ನನ್ನ ಕಡೆ ತಳ್ಳಿದ್ಳು. ಕೂತು ಬಿಡಿಸಿದೆ.