ಪ್ಲಗ್ಗಿಗೆ ಕಟ್ಟಿದ ಸೈಕಲ್ ಟ್ಯೂಬು

ಹಳೇ ಬೈಕು ಕೊಳ್ಳಲು ಹೋದಾಗ ಬಣ್ಣ ನೋಡಬೇಡಿ, ಇಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ, ಮಾರುವವನು ನೀವು ಬರುವ ಮುಂಚೆಯೇ ಒದ್ದು ಒದ್ದು ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ ಎಂದು ಅರ್ಥ. ಅಂಥವನ ಹತ್ತಿರ ಮಾತೇ ಬೇಡ, ತಿರುಗಿ ಬಂದುಬಿಡಿ. ತಣ್ಣಗಿರುವ ಇಂಜಿನ್ನು ಮಾತ್ರ ಸತ್ಯ ಹೇಳುತ್ತದೆ.

ನನ್ನ ಬೈಕಿಗೆ ಆ ಪರೀಕ್ಷೆ ಬೇಕಾಗಿರಲಿಲ್ಲ. ಅದು ಜರಗನಹಳ್ಳಿಯಲ್ಲಿ ನಮ್ಮ ಮನೆ ಓನರ್‌ನ ಹಳೇ ಕೊಟ್ಟಿಗೆಯಲ್ಲಿ, ಒಡೆದ ನೀರಿನ ಟ್ಯಾಂಕಿನ ಹಿಂದೆ, ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ಓನರ್‌ನ ತಂದೆಯ ಗಾಡಿ. ಹಿರಿಯರು ಅದರ ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿಕೊಂಡು ಜಯನಗರದ ಮನೆಮನೆಗೆ ಹಾಲು ಹಾಕುತ್ತಿದ್ದರು. ಈಗ ಹಸು ಇಲ್ಲ, ಹೊಲ ಇಲ್ಲ. ಹೊಲವಿದ್ದ ಕಡೆ ಬಿಲ್ಡಿಂಗುಗಳು, ಬಿಲ್ಡಿಂಗುಗಳ ತುಂಬ ನನ್ನಂಥ ಬಾಡಿಗೆಯವರು. ನಾನು ಅರಸೀಕೆರೆ ಕಡೆಯಿಂದ ಬರಿಗೈಯಲ್ಲಿ ಬಂದವನು. ನಲ್ಲಿ, ಪೈಪು, ವಾಲ್ವು ಹೊತ್ತುಕೊಂಡು ಕಟ್ಟಡಗಳಿಗೆ ಸಪ್ಲೈ ಮಾಡಿ ನನ್ನ ಕಾಲ ಮೇಲೆ ನಿಂತವನು. ನನಗೆ ಬೇಕಾಗಿದ್ದು ಭಾರ ಹೊರುವ ಗಾಡಿ, ಮೆರವಣಿಗೆ ಹೋಗುವ ಗಾಡಿಯಲ್ಲ.

ನಾನು ಚೌಕಾಸಿ ಶುರು ಮಾಡಿದೆ. ಟ್ಯಾಂಕು ತುಕ್ಕು ಹಿಡಿದಿದೆ, ಸೀಟು ಹರಿದಿದೆ, ಏರ್ ಫಿಲ್ಟರಿನಲ್ಲಿ ಇಲಿ ಮರಿ ಹಾಕಿದೆ ಎಂದು ಒಂದೊಂದನ್ನೇ ಎತ್ತಿ ಆಡಿದೆ. ಇಂಜಿನ್ನಿನ ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರ್ ತಾಗಿದ ಒಂದು ಗೀರೂ ಇರಲಿಲ್ಲ. ಅಂದರೆ ಆ ಇಂಜಿನ್ನನ್ನು ಯಾವ ಮೆಕ್ಯಾನಿಕ್ಕೂ ಬಿಚ್ಚಿರಲಿಲ್ಲ. ಅದನ್ನು ನೋಡಿದೆ, ಬಾಯಿ ಬಿಡಲಿಲ್ಲ. ನೀವೂ ಹಾಗೇ ಮಾಡಿ. ಕೊಳ್ಳುವಾಗ ಕೆಟ್ಟದ್ದನ್ನು ಜೋರಾಗಿ ಹೇಳಿ, ಒಳ್ಳೆಯದನ್ನು ನೋಡಿ ನುಂಗಿಕೊಳ್ಳಿ.

"ತಗೊಂಡ್ಹೋಗಿ ಸಾರ್," ಎಂದ ಓನರ್. "ಗುಜರಿಯವ್ನಿಗೆ ಹಾಕ್ಬೇಕು ಅಂತಿದ್ದೆ. ಜಾಗ ಖಾಲಿಯಾದ್ರೆ ಸಾಕು ನಂಗೆ."

ಹಿರಿಯರು ಆಗ ಬದುಕಿದ್ದರು. ಜಗುಲಿಯ ಮೇಲೆ ಕುಳಿತೇ ಆರ್.ಸಿ. ವರ್ಗಾವಣೆಗೆ ಸಹಿ ಹಾಕಿದರು. ಗಾಡಿ ತಳ್ಳಿಕೊಂಡು ಹೊರಟವನನ್ನು ಕೂಗಿ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪನ್ನು ತೋರಿಸಿದರು. ಅದರ ಸುತ್ತ ಸೈಕಲ್ ಟ್ಯೂಬಿನ ಒಂದು ಕರೀ ತುಂಡನ್ನು ಬಿಗಿಯಾಗಿ ಸುತ್ತಿ ಕಟ್ಟಿತ್ತು.

"ಇದನ್ನ ಬಿಚ್ಬೇಡ ಕಣಪ್ಪಾ. ಪ್ಲಗ್ಗಿಗೆ ನೀರು ತೋರಿಸ್ಲಿಲ್ಲ ಅಂದ್ರೆ ಇವ್ನು ನಿನ್ನ ಎಲ್ಲೂ ಕೈ ಬಿಡಲ್ಲ."

ಮಗ ಪಕ್ಕದಲ್ಲೇ ನಿಂತು ಫೋನು ನೋಡುತ್ತಿದ್ದ.

ಹಿರಿಯರ ಮಾತು ಸುಳ್ಳಾಗಲಿಲ್ಲ. ಸಾರಕ್ಕಿ ಸಿಗ್ನಲ್ಲಿನಲ್ಲಿ ಮಳೆನೀರು ಮೊಣಕಾಲಿಗೆ ಬಂದ ಸಂಜೆಗಳಲ್ಲಿ ಹೊಸಹೊಸ ಸ್ಕೂಟರುಗಳನ್ನು ಜನ ಎಮ್ಮೆಗಳಂತೆ ಹೊಡೆದುಕೊಂಡು ಹೋಗುವಾಗ ನಾನು ಹಿಂದೆ ಪೈಪಿನ ಕಟ್ಟು ಹೇರಿಕೊಂಡು ಅವರ ಪಕ್ಕದಲ್ಲೇ ದಾಟಿದ್ದೇನೆ. ನಮ್ಮ ಮೇಲಿನ ಮನೆಯವನ ಬೈಕಿಗೆ ಟಿವಿಯಂಥ ಪರದೆಯಿದೆ. ಬ್ಯಾಟರಿ ಸತ್ತ ದಿನ ಅದು ಅವನ ಮುಖವನ್ನೇ ಅವನಿಗೆ ತೋರಿಸುತ್ತದೆ, ಅಷ್ಟೇ. ಶೋರೂಮಿನವರು ಅದನ್ನು ಲಾರಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ನನ್ನ ಗಾಡಿಗೆ ಬೇಕಾದ ಕೇಬಲ್ಲು ಬನಶಂಕರಿಯ ಯಾವ ಅಡ್ಡರಸ್ತೆಯಲ್ಲಾದರೂ ಸಿಗುತ್ತದೆ, ಹಾಕಲು ನನಗೇ ಬರುತ್ತದೆ. ಸುಖವೂ ಇದೆ, ಇಲ್ಲವೆನ್ನಬಾರದು. ಮುಂಜಾನೆ ಇಟ್ಟಮಡುವಿನ ಏರಿನಲ್ಲಿ ಭಾರ ಹೊತ್ತು ಎರಡನೇ ಗೇರಿನಲ್ಲಿ ಹತ್ತುವಾಗ ಇಂಜಿನ್ನಿನ ಬಡಿತ ತೊಡೆಗೆ ತಾಗುತ್ತದೆ. ಕೆಲಸ ಬಲ್ಲ ಆಳು ಜೊತೆಗಿದ್ದ ಹಾಗೆ. ಆ ಹೊತ್ತಿನಲ್ಲಿ ನನಗೆ ಯಾರ ಮೇಲೂ ಸಿಟ್ಟಿರುವುದಿಲ್ಲ. ಉಳಿದ ಹೊತ್ತು ಇರುತ್ತದೆ.

ಹಿರಿಯರು ತೀರಿಕೊಂಡ ಮೇಲೆ ಬಂದ ಆಯುಧಪೂಜೆಯಲ್ಲಿ ತಂಟೆ ಶುರುವಾಯಿತು. ಓನರ್‌ನ ಕುಲದವರೆಲ್ಲ ಅಂದು ಅವನ ಮನೆ ಮುಂದೆ ಸೇರುತ್ತಾರೆ. ಮನೆತನದ ಗಾಡಿಗಳೆಲ್ಲ ಬಾಳೆಕಂದು ಕಟ್ಟಿಸಿಕೊಂಡು ಸಾಲಾಗಿ ನಿಲ್ಲುತ್ತವೆ. ಆ ವರ್ಷ ಅವನ ಚಿಕ್ಕಪ್ಪ, ಗಿರಿಜಾ ಮೀಸೆಯ ಮುದುಕರು, ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿ ಕೇಳಿದರು.

"ಅಣ್ಣನ ಗಾಡಿ ಎಲ್ಲೋ?"

ಅದು ಬಾಡಿಗೆಯವನ ಮೆಟ್ಟಿಲ ಕೆಳಗೆ ನಿಂತಿತ್ತು. ಎಲ್ಲರಿಗೂ ಕಾಣುತ್ತಿತ್ತು.

ಮಾರನೇ ದಿನ ಓನರ್ ನಮ್ಮ ಬಾಗಿಲಿಗೆ ಬಂದ. "ಸಾರ್, ಆ ಗಾಡಿ ವಾಪಸ್ ಕೊಟ್ಬಿಡಿ. ಈಗ ಹಳೇ ಗಾಡಿಗೆ ಸಖತ್ ರೇಟು. ನಿಮ್ಗೇನು ಲಾಸ್ ಮಾಡಲ್ಲ."

"ಮಾರೋದಿಲ್ಲ," ಎಂದೆ.

"ನಮ್ಮಪ್ಪನ ಗಾಡಿ ಅದು."

"ಗುಜರಿಗೆ ಹಾಕೋವಾಗ್ಲೂ ನಿಮ್ಮಪ್ಪಂದೇ ಆಗಿತ್ತಲ್ಲ."

ಅಂದಿನಿಂದ ಅವನ ಬಾಯಲ್ಲಿ ನಾನು 'ಸಾರ್' ಅಲ್ಲ, 'ನೀನು'. ಆ ವಾರವೇ ಮೆಟ್ಟಿಲ ಕೆಳಗಿನ ಜಾಗಕ್ಕೆ ಗ್ರಿಲ್ ಗೇಟು ಬಂತು, ಬೀಗ ಬಿತ್ತು. ಬಾಡಿಗೆಯವರ ಗಾಡಿ ಇನ್ನು ಮೇಲೆ ಹೊರಗೆ ಎಂದ. ಮೇಲಿನ ಮನೆಯವನೂ ಬಾಡಿಗೆಯವನೇ, ಅವನ ಪರದೆ ಬೈಕು ಮಾತ್ರ ಒಳಗೇ ಇತ್ತು.

ನನ್ನ ಗಾಡಿ ಮೋರಿ ಪಕ್ಕದಲ್ಲಿ ನಿಂತಿತು. ನಾಯಿಗಳು ಸೀಟು ಕಿತ್ತವು. ನೀರಿನ ಟ್ಯಾಂಕರು ತಿರುಗುವಾಗ ಹಿಂದಿನ ದೀಪ ಒಡೆಯಿತು. ಅವೆಲ್ಲ ರಿಪೇರಿಯಾಗುವ ಮಾತು. ಆಗದ್ದು ಪೆಟ್ರೋಲ್ ಟ್ಯಾಂಕು. ತುಕ್ಕು ಆಗಲೇ ಅಡಿಯನ್ನು ತಿಂದು ತೆಳ್ಳಗೆ ಮಾಡಿತ್ತು. ಆ ಮಾಡೆಲ್ಲಿನ ಟ್ಯಾಂಕು ಈಗ ಎಲ್ಲೂ ತಯಾರಾಗುವುದಿಲ್ಲ. ಒಂದು ಮಳೆಗಾಲವನ್ನು ಹೇಗೋ ತಡೆದುಕೊಂಡಿತು. ಇನ್ನೊಂದು ಮಳೆಗಾಲ ಹೊರಗೆ ನಿಂತರೆ ತೂತು ಬೀಳುತ್ತಿತ್ತು, ಅಲ್ಲಿಗೆ ಗಾಡಿಯ ಕಥೆ ಮುಗಿಯುತ್ತಿತ್ತು, ನಾನು ಅವನಿಗೇ ಮಾರಬೇಕಾಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಕಾಯುತ್ತಿದ್ದ. ಮನೆ ಬದಲಾಯಿಸೋಣವೆಂದರೆ, ನನ್ನ ಗಿರಾಕಿಗಳೆಲ್ಲ ಜೆ.ಪಿ. ನಗರದ ಸುತ್ತಲೇ. ಈ ಬಾಡಿಗೆಗೆ ಇಲ್ಲಿ ಇನ್ನೊಂದು ಮನೆ ಸಿಗುವುದಿಲ್ಲ. ಅದೂ ಅವನಿಗೆ ಗೊತ್ತಿತ್ತು.

ಮುಂದಿನ ಆಯುಧಪೂಜೆಯ ಹಿಂದಿನ ಸಂಜೆ ಅವನೇ ಬಂದ. "ನಾಳೆ ಒಂದಿನ ಗಾಡಿ ಕೊಡು. ಪೂಜೆ ಮುಗುದ್ಮೇಲೆ ತಗೋ."

"ಮೆಟ್ಟಿಲ ಕೆಳಗಿನ ಜಾಗ ಬಿಟ್ಕೊಡ್ತೀರಾ?"

"ನೋಡೋಣ."

ವ್ಯಾಪಾರದಲ್ಲಿ 'ಇಲ್ಲ' ಎನ್ನುವವನ ಜೊತೆ ಇನ್ನೂ ಮಾತಾಡಬಹುದು. 'ನೋಡೋಣ' ಎನ್ನುವವನನ್ನು ನಂಬಬೇಡಿ. ಆದರೂ ಕೀಲಿ ಕೊಟ್ಟೆ. ಕೊಡಬೇಡಿ ಎಂದಳು ಹೆಂಡತಿ. ನನ್ನ ಲೆಕ್ಕ ಬೇರೆ ಇತ್ತು. ಬಾಗಿಲಲ್ಲಿ ಒಬ್ಬನೇ ನಿಂತಾಗ ಬಾಗದ ಮನುಷ್ಯ ನೆಂಟರ ಮುಂದೆ ಬಾಗುತ್ತಾನೆ. ಅವನ ನೆಂಟರ ಮಧ್ಯೆ ನನ್ನ ಗಾಡಿ ನಿಂತಿರಲಿ, ಯಾವುದಾದರೂ ಒಂದು ದಾರಿ ಸಿಗುತ್ತದೆ ಎಂದುಕೊಂಡೆ.

"ಸ್ಟಾರ್ಟ್ ಮಾಡೋ ಮುಂಚೆ ನನ್ನ ಒಂದ್ಮಾತು ಕೇಳಿ," ಎಂದೆ.

"ನಮ್ಮಪ್ಪನ ಗಾಡಿ ಸ್ಟಾರ್ಟ್ ಮಾಡೋದು ನೀನು ಹೇಳ್ಕೊಡ್ತೀಯಾ ನಂಗೆ?"

ಸರಿ ಎಂದು ಬಾಗಿಲು ಹಾಕಿಕೊಂಡೆ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡಿದೆ. ಕಾರು ತೊಳೆಯುವ ಜೆಟ್ ಪಂಪು ತಂದಿದ್ದರು. ಗಾಡಿಯ ಮೈಯೆಲ್ಲ ನೀರು ಹೊಡೆದರು, ಇಂಜಿನ್ನಿಗಂತೂ ಹತ್ತಿರ ಹಿಡಿದು ಹೊಡೆದರು. ಅದಕ್ಕೂ ಮುಂಚೆ ಓನರ್‌ನ ಹೆಂಡತಿ ಬಗ್ಗಿ ಏನನ್ನೋ ಕಿತ್ತು ಎಸೆದದ್ದು ಕಂಡಿತ್ತು. ಆಮೇಲೆ ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು. ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ.

ಬೂದುಗುಂಬಳ ಒಡೆದಾಯಿತು. ಇನ್ನು ಗಾಡಿಗಳು ತಮ್ಮ ಇಂಜಿನ್ನಿನ ಬಲದಲ್ಲೇ ಮುಂದೆ ಹೋಗಿ ನಿಂಬೆಹಣ್ಣು ತುಳಿಯಬೇಕು. ಕಾರು ತುಳಿಯಿತು, ಸ್ಕೂಟರುಗಳು ತುಳಿದವು. ಕೊನೆಗೆ ಓನರ್ ರೇಷ್ಮೆ ಪಂಚೆ ಮೇಲೆ ಕಟ್ಟಿ ತಂದೆಯ ಗಾಡಿ ಹತ್ತಿದ. ಮೊಬೈಲುಗಳೆಲ್ಲ ಎದ್ದವು.

ಒದ್ದ. ಗಾಡಿ ಕೆಮ್ಮಲೂ ಇಲ್ಲ. ಮತ್ತೆ ಒದ್ದ. ಪಂಚೆ ಕಿಕ್ಕರಿಗೆ ಸಿಕ್ಕಿತು, ಬಿಡಿಸಿಕೊಂಡು ಮತ್ತೆ ಒದ್ದ.

"ಏನ್ ಮಗಾ, ಗಾಡೀನೂ ಬಾಡಿಗೆಯವ್ರ ಕಡೆ ಸೇರ್ಕೊಂಡ್ಬಿಡ್ತಾ?" ಎಂದ ಒಬ್ಬ ನೆಂಟ.

"ತಳ್ಳಿಬಿಡ್ರೋ ಅತ್ಲಾಗೆ," ಎಂದ ಇನ್ನೊಬ್ಬ.

"ತಳ್ಳೋ ಹಾಗಿಲ್ಲ," ಎಂದರು ಚಿಕ್ಕಪ್ಪ. "ಇವತ್ತು ತಳ್ಳಿದ್ರೆ ವರ್ಷ ಪೂರ್ತಿ ತಳ್ತಾನೇ ಇರ್ಬೇಕು. ಅಲ್ಲಿ ನಿಂತಿದಾರಲ್ಲ, ಅವ್ರನ್ನ ಕರೀರಿ."

ಓನರ್ ನನ್ನ ಕಡೆ ತಿರುಗಿದ. ಮುಖದಲ್ಲಿ ಬೆವರಿಗೆ ಕುಂಕುಮ ಇಳಿದಿತ್ತು. "ಬಾ ಸ್ವಲ್ಪ," ಎಂದ.

ನಾನು ಲೋಟ ಇಟ್ಟು ಹೋದೆ. ಗಾಡಿ ಮುಟ್ಟಲಿಲ್ಲ. ಮುದುಕರನ್ನೇ ನೋಡಿ ಹೇಳಿದೆ. "ಹೊರಗಡೆ ನಿಂತು ನಿಂತು ಇವನಿಗೆ ಶೀತ ಆಗಿದೆ ಯಜಮಾನ್ರೇ. ಹೋದ ವರ್ಷದಿಂದ ಮೋರಿ ಪಕ್ಕದಲ್ಲಿ ನಿಲ್ಸಿದೀನಿ. ಮೆಟ್ಟಿಲ ಕೆಳಗೆ ಬೀಗ ಹಾಕ್ಸಿದಾರೆ."

"ಅಣ್ಣನ ಗಾಡೀನ ಮೋರಿ ಪಕ್ಕ ನಿಲ್ಸಿದೀಯೇನೋ?" ಮುದುಕರ ದನಿ ಏರಲಿಲ್ಲ. ಅದೇ ಓನರ್‌ಗೆ ಹೆಚ್ಚು ತಾಗಿತು.

"ಅದು... ಅವ್ರಿಗೆ ಹೇಳ್ದೆ ಚಿಕ್ಕಪ್ಪಾ, ನೋಡೋಣ ಅಂತ."

"ನೋಡೋದೇನು? ಕೀಲಿ ಕೊಡು."

ಗ್ರಿಲ್ಲಿನ ಕೀಲಿ ಅವನ ಸೊಂಟದ ಗೊಂಚಲಿನಿಂದ ಬಿಚ್ಚಿಕೊಂಡು ನನ್ನ ಕೈಗೆ ಬಂತು. ಮಾತು ನಂಬಿ ಕೆಲಸ ಮಾಡಬೇಡಿ, ವಸ್ತು ಕೈಗೆ ಬಂದ ಮೇಲೆ ಮಾಡಿ. ಕೀಲಿಯನ್ನು ಜೇಬಿಗೆ ಹಾಕಿಕೊಂಡ ಮೇಲೆಯೇ ನಾನು ಕುಕ್ಕರಗಾಲಲ್ಲಿ ಕುಳಿತು ಪ್ಲಗ್ಗಿನ ಕ್ಯಾಪು ಎಳೆದೆ. ಒಳಗಿಂದ ನೀರು ಸುರಿಯಿತು.

"ಇಲ್ಲೊಂದು ರಬ್ಬರ್ ಇತ್ತಲ್ಲ?" ಎಂದೆ.

"ಆ ಕರೀ ಚಿಂದೀನಾ?" ಎಂದಳು ಓನರ್‌ನ ಹೆಂಡತಿ. "ಪೂಜೆಗೆ ಚೆನ್ನಾಗಿ ಕಾಣಲ್ಲ ಅಂತ ಕಿತ್ತು ಬಿಸಾಕ್ದೆ."

ಚಿಕ್ಕಪ್ಪ ಬಗ್ಗಿ ನೋಡಿದರು. "ಸೈಕಲ್ ಟ್ಯೂಬಾ? ಅದು ಅಣ್ಣ ಕಟ್ಟಿದ್ದಲ್ವೇನಮ್ಮಾ. ಮಳೇಲಿ ಹಾಲು ತಗೊಂಡ್ಹೋಗೋಕೆ."

ಫೋಟೋ ತೆಗೆಯುತ್ತಿದ್ದವರು ಕೈ ಇಳಿಸಿದರು.

ನಾನು ಕ್ಯಾಪನ್ನು ಊದಿ, ಬನಿಯನ್ನಿನ ಅಂಚಿನಲ್ಲಿ ಒರೆಸಿ, ಪ್ಲಗ್ಗು ಬಿಚ್ಚಿ ಒಣಗಿಸಿ ಹಾಕಿದೆ. ಓನರ್ ಹ್ಯಾಂಡಲ್ಲಿಗೆ ಕೈ ಚಾಚಿದ. ಅಷ್ಟರಲ್ಲಿ ನಾನು ಸೀಟಿನ ಮೇಲಿದ್ದೆ. ಒಂದೇ ಒದೆತಕ್ಕೆ ಹಿಡಿಯಿತು. ಅವನ ತಂದೆಯ ಗಾಡಿಯ ನಿಂಬೆಹಣ್ಣನ್ನು ಅವನ ಕುಲದವರ ಮುಂದೆ ನಾನು ತುಳಿಸಿದೆ. ತುಳಿಸಿ ನಿಲ್ಲಿಸಲೂ ಇಲ್ಲ. ಕೊರಳಲ್ಲಿ ಹಾರ ಹಾಕಿಕೊಂಡೇ ಗಾಡಿ ಕನಕಪುರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂತು.

ಹಿಂದಿರುಗಿದಾಗ ಬೀದಿ ಖಾಲಿಯಾಗಿತ್ತು. ಕಸದ ರಾಶಿಯಲ್ಲಿ ಬಾಳೆಕಂದು, ಕುಂಬಳದ ಹೋಳುಗಳ ಅಡಿಯಲ್ಲಿ ಆ ಟ್ಯೂಬಿನ ತುಂಡು ಸಿಕ್ಕಿತು. ತೊಳೆದು ಒಣಗಿಸಿ ಮತ್ತೆ ಕಟ್ಟಿದೆ.

ಗಾಡಿ ಈಗ ಮೆಟ್ಟಿಲ ಕೆಳಗೆ ನಿಲ್ಲುತ್ತದೆ. ಟ್ಯಾಂಕು ಉಳಿಯಿತು. ಓನರ್ ತನ್ನ ಕಾರನ್ನು ಆ ಗ್ರಿಲ್ಲಿಗೆ ಎಷ್ಟು ಒತ್ತಿ ನಿಲ್ಲಿಸುತ್ತಾನೆಂದರೆ, ದಿನಾ ಗಾಡಿಯ ಹಿಂಭಾಗ ಎತ್ತಿ ತಿರುಗಿಸಿ ಹೊರಗೆ ತೆಗೆಯಬೇಕು. ತೆಗೆಯುತ್ತೇನೆ. ತೆಗೆದು, ಅವನ ಮಲಗುವ ಕೋಣೆಯ ಕಿಟಕಿಯ ಕೆಳಗೆ ನಿಲ್ಲಿಸಿ, ಚೋಕು ಎಳೆದು, ಅವನು ಏಳುವ ಮುಂಚೆಯೇ ಕಾಲು ಗಂಟೆ ಇಂಜಿನ್ ಬಿಸಿಯಾಗಲು ಬಿಡುತ್ತೇನೆ. ಹಳೇ ಗಾಡಿಗೆ ಅದು ಬೇಕೇಬೇಕು ಎಂದು ಅವನಿಗೆ ಹೇಳಿದ್ದೇನೆ. ಅಷ್ಟು ಹೊತ್ತೇನೂ ಬೇಕಾಗಿಲ್ಲ.